ನಮ್ಮೂರಿಗೆ ಆಟಮ್ ಬರಲ್ವಾ ಅಂತ ಮಗಳು ಕೇಳ್ತಿದಾಳೆ: ಈ ಸೀಸನ್‌ಗೆ ಮನೇಲೇ ಮಾಡೋ ಕ್ರಾಫ್ಟ್, ಅಲಂಕಾರ, ತಿಂಡಿ ಹೇಳಿ ಪ್ಲೀಸ್

ಹೇಮಾವತಿ_ತೀರ (ಹಾಸನ)

ಎಲ್ರಿಗೂ ನಮಸ್ಕಾರ. ನಾವಿರೋದು ಹಾಸನ ಟೌನಲ್ಲಿ, ಬಾಡಿಗೆ ಮನೆ, ಮೊದಲನೇ ಮಹಡಿ, ಮುಂದೆ ಒಂದು ಸಣ್ಣ ಬಾಲ್ಕನಿ. ಮಗಳು ಮೂರನೇ ಕ್ಲಾಸು. ಸ್ಕೂಲಲ್ಲಿ ಋತುಗಳ ಪಾಠ ನಡೀತಿದೆ, ಆಟಮ್ ಅಂತ ಏನಾದ್ರೂ ಕ್ರಾಫ್ಟ್ ಮನೇಲೇ ಮಾಡ್ಕೊಂಡು ಬರೋಕೆ ಹೇಳಿದಾರೆ. ಪುಸ್ತಕದ ಚಿತ್ರದಲ್ಲಿ ಮರ ಎಲ್ಲ ಕೆಂಪು, ಹಳದಿ, ಕೆಳಗೆ ಎಲೆ ರಾಶಿ, ಪಕ್ಕದಲ್ಲಿ ಕಿತ್ತಳೆ ಬಣ್ಣದ ಕುಂಬಳಕಾಯಿ. ಇವ್ಳು ಬಾಲ್ಕನಿಗೆ ಹೋಗಿ ನೋಡ್ತಾಳೆ, ಎದುರುಗಡೆ ಹೊಂಗೆ ಮರ ಮಳೆ ಕುಡಿದು ಕಡು ಹಸಿರಾಗಿ ನಿಂತಿದೆ. "ಅಮ್ಮಾ ನಮ್ಮೂರಿಗೆ ಆಟಮ್ ಬರಲ್ವಾ" ಅಂದ್ಲು. ನನಗೆ ಏನು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ಅಂಗಡೀಲಿ ಪ್ಲಾಸ್ಟಿಕ್ ಎಲೆ ಸರ ಸಿಗುತ್ತೆ, ತಂದು ಅಂಟಿಸಿ ಕಳಿಸ್ಬಹುದು, ಆದ್ರೆ ಅವ್ಳು ನೋಡೇ ಇಲ್ಲದ ಎಲೇನ ಅಂಟಿಸಿ ಏನು ಕಲೀತಾಳೆ ಅನ್ಸುತ್ತೆ.

ಇನ್ನೊಂದು ವಿಷ್ಯ. ಈ ಸಲ ನವರಾತ್ರಿಯಿಂದ ದೀಪಾವಳಿವರೆಗೂ ಮನೆ ತುಂಬ ಜನ. ಹಾಸನಾಂಬೆ ಬಾಗಿಲು ತೆಗೆದ್ರೆ ಬೆಂಗಳೂರಿಂದ ನಾದಿನಿ ಮನೆಯವರೆಲ್ಲ ದರ್ಶನಕ್ಕೆ ಬರ್ತಾರೆ, ನಮ್ಮನೇಲೇ ಉಳ್ಕೊಳ್ತಾರೆ. ಅದಕ್ಕೆ ಮನೆ ಸ್ವಲ್ಪ ಚೆನ್ನಾಗಿ ಕಾಣ್ಬೇಕು ಅಂತ ಆಸೆ. ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ, ಖರ್ಚು 500 ರೂಪಾಯಿ ಒಳಗೆ ಮುಗೀಬೇಕು, ಒಂದು ತಿಂಗಳು ಬಾಳಿಕೆ ಬಂದ್ರೆ ಇನ್ನೂ ಒಳ್ಳೇದು.

ಕೊನೇದಾಗಿ ಕಜ್ಜಾಯ. ಪ್ರತಿ ವರ್ಷ ಅತ್ತೆ ಮಾಡ್ತಿದ್ರು, ಈಗ ಕಣ್ಣಿನ ಪೊರೆ ಆಪರೇಷನ್ ಆಗಿದೆ, ಬೆಂಕಿ ಹತ್ರ ಬರೋ ಹಾಗಿಲ್ಲ. ಅವರ ಅಳತೆ ಎಲ್ಲ ಪಾವು, ಹಿಡಿ, ಕಣ್ಣಂದಾಜು. ಹೋದ ವರ್ಷ ನಾನೊಬ್ಳೇ ಮಾಡೋಕೆ ಹೋಗಿ ಎಣ್ಣೆಗೆ ಬಿಟ್ಟಿದ್ದೆಲ್ಲ ಚೂರು ಚೂರಾಗಿ ಹರಡ್ಕೊಳ್ತು. ಎಲ್ಲಿ ತಪ್ಪಾಯ್ತು ಯಾರಾದ್ರೂ ಹೇಳಿ.

ಬೇಲೂರು_ಮೇಷ್ಟ್ರು

ನಿಮ್ಮ ಮಗಳ ಪ್ರಶ್ನೆ ಬಹಳ ಚೆನ್ನಾಗಿದೆಯಮ್ಮ, ಅದನ್ನ ಮೊದಲು ನೋಟ್‌ಬುಕ್ಕಲ್ಲಿ ಬರೆಸಿಡಿ.

ಬರುತ್ತೆ ಅಂತ ಹೇಳಿ ಮಗೂಗೆ. ನಮ್ಮ ಲೆಕ್ಕದಲ್ಲಿ ಅದು ಶರದೃತು, ಆಶ್ವಯುಜ ಕಾರ್ತಿಕ ಎರಡು ಮಾಸ. ಆದ್ರೆ ನಮ್ಮ ಶರತ್ತಿನಲ್ಲಿ ಎಲೆ ಉದುರಲ್ಲ. ಚಳಿ ದೇಶಗಳಲ್ಲಿ ಸೆಪ್ಟೆಂಬರ್ ಅಕ್ಟೋಬರ್ ಬಂತು ಅಂದ್ರೆ ಹಗಲು ಬೇಗ ಬೇಗ ಚಿಕ್ಕದಾಗ್ತಾ ಹೋಗುತ್ತೆ, ಚಳಿ ಶುರುವಾಗುತ್ತೆ, ಮರ ಎಲೆಯಲ್ಲಿರೋ ಹಸಿರನ್ನ ಅಂದ್ರೆ ಕ್ಲೋರೋಫಿಲ್ಲನ್ನ ಒಡೆದು ಸಾರ ಎಲ್ಲ ಒಳಗೆ ಎಳ್ಕೊಳ್ಳುತ್ತೆ. ಹಸಿರು ಹೋದ್ಮೇಲೆ ಅಲ್ಲೇ ಅಡಗಿದ್ದ ಹಳದಿ ಕಾಣುತ್ತೆ, ಕೆಲವು ಮರ ಆಗ ಕೆಂಪು ಬಣ್ಣಾನೂ ಹೊಸದಾಗಿ ತಯಾರ್ ಮಾಡುತ್ತೆ. ನಮ್ಮ ಹಾಸನ ಇರೋದು ಸುಮಾರು 13 ಡಿಗ್ರಿ ಉತ್ತರದಲ್ಲಿ. ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇಲ್ಲಿ ವ್ಯತ್ಯಾಸ ಹೆಚ್ಚು ಕಮ್ಮಿ ಒಂದೂವರೆ ಗಂಟೆ ಅಷ್ಟೇ. ನಮ್ಮ ಮರಗಳಿಗೆ ಚಳಿ ಭಯ ಇಲ್ಲ, ನೀರಿನ ಭಯ. ಹಾಗಾಗಿ ನೆಲ ಒಣಗೋ ಹೊತ್ತಿಗೆ, ಶಿಶಿರದಲ್ಲಿ, ಮಾಘ ಫಾಲ್ಗುಣದಲ್ಲಿ ಎಲೆ ಉದುರಿಸ್ತವೆ. ಬೂರುಗ, ಮುತ್ತುಗ, ತೋಟದ ಹಾಲವಾಣ ಎಲ್ಲ ಆವಾಗ ಬೋಳಾಗಿ ಆ ಬೋಳು ಕೊಂಬೆಯಲ್ಲೇ ಹೂ ಬಿಡೋದು.

ಹಾಗಾದ್ರೆ ಈಗ ನಮ್ಮಲ್ಲಿ ಏನಾಗ್ತಿದೆ? ಭಾನುವಾರ ಮಗೂನ ಕರ್ಕೊಂಡು ಬೇಲೂರು ರಸ್ತೇಲಿ ಹತ್ತು ಕಿಲೋಮೀಟರ್ ಬನ್ನಿ. ಮುಸುಕಿನ ಜೋಳ ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿರುತ್ತೆ, ರಾಗಿ ಹೊಲದ ಸಾಲಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟಿರುತ್ತೆ, ಗದ್ದೇಲಿ ಭತ್ತ ಹೊಡೆ, ಅಂದ್ರೆ ಇನ್ನೂ ಹೊರಗೆ ಬರದ ಎಳೇ ತೆನೆ, ತುಂಬ್ಕೊಂಡು ನಿಂತಿರುತ್ತೆ. ಇದೇ ನಮ್ಮ ಆಟಮ್. ಆ ಪುಸ್ತಕದ ಕಿತ್ತಳೆ ಕುಂಬಳಕಾಯಿ ಅಲ್ಲಿಯವರು ಅಕ್ಟೋಬರ್ 31ಕ್ಕೆ ಕೊರೆದು ದೀಪ ಇಡ್ತಾರೆ, ನಾವು ಅದೇ ಆಸುಪಾಸಲ್ಲಿ ಆಯುಧಪೂಜೆಗೆ ಬೂದುಗುಂಬಳ ಒಡೀತೀವಿ. ಒಂದು ದೊಡ್ಡ ಚಾರ್ಟ್ ತಗೊಂಡು ಒಂದು ಅರ್ಧ ಅವರ ಆಟಮ್, ಇನ್ನೊಂದು ಅರ್ಧ ನಮ್ಮ ಶರತ್ತು ಅಂತ ಮಾಡ್ಸಿ. ಎರಡನೇ ಅರ್ಧಕ್ಕೆ ಹೊಲದಿಂದ ತಂದ ನಿಜವಾದ ಸಾಮಾನೇ ಅಂಟಿಸ್ಲಿ.

ಗಿರಿಸಾಲು_ಚಿಕ್ಕಮಗಳೂರು

ಕೆಂಪು ಎಲೆ ಬೇಕೇ ಬೇಕು ಅಂದ್ರೆ ಕಾಡು ಬಾದಾಮಿ ಮರ ನೋಡಿ, ಅದೇ ಅಗಲ ಎಲೆ ಮರ, ಸ್ಕೂಲು ಆಫೀಸು ಕಾಂಪೌಂಡಲ್ಲಿ ಇದ್ದೇ ಇರುತ್ತೆ. ಅದರ ಎಲೆ ಉದುರೋ ಮುಂಚೆ ಕೆಂಪಾಗುತ್ತೆ, ಯಾವ ಕಾಲದಲ್ಲಿ ಹೋದ್ರೂ ನಾಕು ಸಿಗುತ್ತೆ. ಹಳದಿಗೆ ಹಲಸಿನ ಎಲೆ, ದಿನಾ ಉದುರುತ್ತೆ. ಬೆಳ್ಳಿ ಬಣ್ಣಕ್ಕೆ ಸಿಲ್ವರ್ ಓಕ್, ಹಿಂಬದಿ ತಿರುಗಿಸಿ ಅಂಟಿಸಿದ್ರೆ ಬೆಳ್ಳಿ ಜರಿ ಥರ ಇರುತ್ತೆ, ಕಾಫಿ ತೋಟದವರು ಯಾರನ್ನ ಕೇಳಿದ್ರೂ ಒಂದು ಚೀಲ ಕೊಡ್ತಾರೆ.

ಎಲೆ ಪೇಪರ್ ಮಧ್ಯೆ ಇಟ್ಟು ಭಾರ ಇಡಿ, ಆದ್ರೆ ಪೇಪರ್ ದಿನಾ ಬದಲಾಯಿಸ್ಬೇಕು. ನಮ್ ಕಡೆ ಹವಾಕ್ಕೆ ಮೂರೇ ದಿನಕ್ಕೆ ಬೂಷ್ಟು ಹಿಡಿಯುತ್ತೆ.

ಮಲೆನಾಡ_ಸೊಸೆ (ಕೊಪ್ಪ)

ಅಕ್ಕ, ನಾನು ಭೂಮಿ ಹುಣ್ಣಿಮೆ ಬುಟ್ಟಿ ಮಾಡಿಸಿ ಅಂತೀನಿ. ನನ್ನ ತವರು ಸಾಗರದ ಕಡೆ, ಮದುವೆ ಆಗಿ ಕೊಪ್ಪಕ್ಕೆ ಬಂದು ಹದಿನೆಂಟು ವರ್ಷ ಆಯ್ತು, ಆದ್ರೂ ಈ ತಿಂಗಳು ಬಂತು ಅಂದ್ರೆ ಕೈ ಸುಮ್ನೆ ಕೂರಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ. ವಿಜಯದಶಮಿ ಆಗಿ ಐದು ದಿನಕ್ಕೆ ಬರೋ ಹುಣ್ಣಿಮೆ ಭೂಮಿ ಹುಣ್ಣಿಮೆ, ಶೀಗೆ ಹುಣ್ಣಿಮೆ ಅಂತಾನೂ ಕರೀತಾರೆ. ಆವಾಗ ಭತ್ತ ಹೊಡೆಯಾಗಿರ್ತದೆ, ಅಂದ್ರೆ ಭೂಮಿತಾಯಿ ಬಸುರಿ, ನಾವು ಅವಳಿಗೆ ಬಯಕೆ ಊಟ ಬಡಿಸೋದು. ಹಿಂದಿನ ರಾತ್ರಿ ಮನೆ ಹೆಂಗಸರು ನಿದ್ದೆ ಮಾಡೋ ಹಾಗಿಲ್ಲ, ಇಡೀ ರಾತ್ರಿ ಅಡುಗೆ. ಕಾಡು ಸೊಪ್ಪು, ಬೇಲಿ ಸೊಪ್ಪು, ಹಿತ್ಲ ಸೊಪ್ಪು ಎಲ್ಲ ಸೇರಿಸಿ ಬೇಯಿಸಿದ್ದು, ಕೊಟ್ಟೆ ಕಡುಬು, ಚಿನ್ನಿಕಾಯಿ ಕಡುಬು, ಅಮಟೆಕಾಯಿ, ಹಾಗಲಕಾಯಿ, ಬುತ್ತಿ, ಪಾಯಸ. ಬೆಳಗಿನ ಜಾವ ಅದನ್ನೆಲ್ಲ ಚಿತ್ತಾರದ ಬುಟ್ಟೀಲಿ ತುಂಬ್ಕೊಂಡು ಗದ್ದೆಗೆ ಹೋಗಿ ಪೂಜೆ ಮಾಡಿ ಗದ್ದೆ ತುಂಬ ಚರಗ ಚೆಲ್ಲಿ, ಅಂದ್ರೆ ಆ ಅಡುಗೇನ ಭೂಮಿಗೆ ಎಡೆಯಾಗಿ ಎರಚಿ, ಆಮೇಲೆ ಅಲ್ಲೇ ಬದುವಿನ ಮೇಲೆ ಕೂತು ಎಲ್ಲರೂ ಉಣ್ಣೋದು. ಆ ದೊಡ್ಡ ಬುಟ್ಟಿಗೆ ಬೂಮಣ್ಣಿ ಬುಟ್ಟಿ ಅಂತ ಹೆಸರು. ಸಾಗರ, ಸೊರಬದ ಕಡೆ ದೀವರು ಅನ್ನೋ ಸಮುದಾಯದವರ ಮನೆಗಳಲ್ಲಿ ಈ ಬುಟ್ಟಿ ಚಿತ್ತಾರ ನೋಡ್ಬೇಕು ನೀವು, ಕಣ್ಣು ತೆಗೆಯೋಕಾಗಲ್ಲ.

ಮಾಡೋದು ಹೇಗಂದ್ರೆ, ಒಂದು ಸಾದಾ ಬಿದಿರು ಬುಟ್ಟಿ ತಗೊಳ್ಳಿ, ಮೇದಾರರ ಹತ್ರ ಸಣ್ಣದು ಸಿಗ್ತದೆ. ಮೊದಲು ಹೊರಗಡೆ ಎಲ್ಲ ಸಗಣಿ ಬಳಿದು ಸಂದು ಮುಚ್ಚಿ ಒಣಗಿಸ್ಬೇಕು. ಆಮೇಲೆ ಕೆಮ್ಮಣ್ಣು ನೀರಲ್ಲಿ ಕದಡಿ ಸೋಸಿ ಎರಡು ಸಲ ಬಳೀಬೇಕು, ಒಂದು ಪೂರ್ತಿ ಒಣಗಿದ ಮೇಲೇ ಇನ್ನೊಂದು. ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿದ ಹಿಟ್ಟು ನಮ್ಮ ಬಿಳಿ ಬಣ್ಣ. ಬ್ರಷ್ಷು ಪುಂಡಿ ನಾರಿಂದು, ತುದಿ ಜಜ್ಜಿ ತೆಳ್ಳಗೆ ಮಾಡ್ಕೊಳ್ಳೋದು, ಸಿಗದಿದ್ರೆ ತೆಂಗಿನ ನಾರು ಕಟ್ಟಿ. ಚಿತ್ತಾರಕ್ಕೆ ಹುರಿದು ಕಪ್ಪು ಮಾಡಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ ಮಾಡ್ತಾರೆ, ಮಗೂಗೆ ಬಿಳಿ ಒಂದೇ ಸಾಕು. ಬಾಯಿ ಸುತ್ತ ತೋರಣ, ಅದರ ಕೆಳಗೆ ಏಣಿ ಥರ ಗೆರೆ, ಮಧ್ಯೆ ಭತ್ತದ ತೆನೆ, ಜೋಡೆತ್ತು. ಗೆರೆ ಸೊಟ್ಟ ಆದ್ರೆ ಆಗ್ಲಿ ಬಿಡಿ, ಎಳೆದ ಕೈ ಮಾತ್ರ ಅವಳದ್ದೇ ಆಗಿರ್ಲಿ.

ಒಣಗಿಸೋದೇ ಇದರಲ್ಲಿ ಕಷ್ಟ. ನಮ್ಮನೇಲಿ ಒಲೆ ಮೇಲೆ ಅಟ್ಟ ಇದೆ, ಅಲ್ಲಿಟ್ರೆ ಎರಡು ದಿನಕ್ಕೆ ಖಣಖಣ ಅಂತದೆ. ನಿಮಗೆ ಫ್ಯಾನ್ ಕೆಳಗೆ ಇಡೋದೇ ದಾರಿ, ಮಳೆ ಮೋಡ ಇದ್ರೆ ನಾಕು ದಿನ ಹಿಡೀತದೆ, ಹಾಗಾಗಿ ಹಬ್ಬಕ್ಕೆ ಹತ್ತು ದಿನ ಮುಂಚೆ ಶುರು ಮಾಡಿ. ಒಮ್ಮೆ ಒಣಗಿದ್ರೆ ವರ್ಷಗಟ್ಟಲೆ ಇರ್ತದೆ. ದೀಪಾವಳೀಲಿ ಅದರೊಳಗೆ ಚಂಡು ಹೂ ತುಂಬಿ ಬಾಗಿಲ ಪಕ್ಕ ಇಡಿ, ಬೇರೆ ಅಲಂಕಾರವೇ ಬೇಡ.

ತೋಟದಮನೆ_82

ಮೇಡಂ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಬೂಮಣ್ಣಿ ಬುಟ್ಟಿ ಪೂಜೆ ಸಾಮಾನು. ಅದನ್ನ ಸ್ಕೂಲ್ ಪ್ರಾಜೆಕ್ಟು, ಶೋಕೇಸು ಅಂತ ಮಾಡೋದು ನನಗೆ ಸರಿ ಕಾಣಲ್ಲ. ಈಗಾಗ್ಲೇ ಎಷ್ಟೋ ಕಡೆ ರೆಸಾರ್ಟ್ ಗೋಡೆ ಮೇಲೆ ಚಿತ್ತಾರ ಬಂದುಬಿಟ್ಟಿದೆ, ಬರೆದ ಹೆಂಗಸು ಯಾರು ಅಂತ ಒಬ್ಬರೂ ಕೇಳಲ್ಲ.

ಮಲೆನಾಡ_ಸೊಸೆ (ಕೊಪ್ಪ)

ಬೇಜಾರೇನಿಲ್ಲ ಅಣ್ಣ, ನೀವು ಹೇಳಿದ ಎರಡನೇ ಮಾತು ನನಗೂ ಹೊಟ್ಟೆ ಉರಿಸ್ತದೆ. ಆದ್ರೆ ನಾನು ಕಲ್ತಿದ್ದೂ ಏಳು ವರ್ಷದವಳಿದ್ದಾಗ ಅಜ್ಜಿ ಪಕ್ಕ ಕೂತು ಒಂದು ಒಡಕಲು ಬುಟ್ಟಿ ಮೇಲೆ ಗೀಚಿ. ಪೂಜೆ ಬುಟ್ಟಿ ಬೇರೆ, ಕಲಿಯೋ ಬುಟ್ಟಿ ಬೇರೆ. ಮಕ್ಕಳ ಕೈಗೆ ಕೊಡದೇ ಇದ್ರೆ ನಮ್ಮ ನಂತರ ಗದ್ದೆಗೆ ಬುಟ್ಟಿ ಹೊರೋರು ಯಾರು ಹೇಳಿ. ಅಕ್ಕ, ನೀವು ಒಂದು ಕೆಲಸ ಮಾಡಿ, ಚೀಟೀಲಿ ಇದು ಮಲೆನಾಡಿನ ಚಿತ್ತಾರ, ದೀವರ ಹೆಣ್ಣುಮಕ್ಕಳ ಕೈಯ ಕಲೆ ಅಂತ ಮಗಳ ಕೈಲೇ ಬರೆಸಿ ಅಂಟಿಸಿ. ಅಷ್ಟು ಹೇಳಿದ್ರೆ ಕಲಿತ ಹಾಗೂ ಆಯ್ತು, ಗೌರವ ಕೊಟ್ಟ ಹಾಗೂ ಆಯ್ತು.

ತೋಟದಮನೆ_82

ಹೆಸರು ಬರೆಸ್ತೀರಿ ಅಂದ್ರೆ ನಂದೇನೂ ತಕರಾರಿಲ್ಲ. ಒಳ್ಳೇದಾಗ್ಲಿ.

ಅರಸೀಕೆರೆ_ತೆಂಗು

ಕಜ್ಜಾಯದ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ಎಣ್ಣೇಲಿ ಕಜ್ಜಾಯ ಒಡೆದು ಹೋಗೋ ಸಂಕಟ ನನಗೆ ಚೆನ್ನಾಗಿ ಗೊತ್ತು, ಮದುವೆಯಾದ ಹೊಸದ್ರಲ್ಲಿ ಎರಡು ದೀಪಾವಳಿ ಹಾಗೇ ಆಗಿ ಮೂರನೇ ವರ್ಷ ನಮ್ಮ ದೊಡ್ಡತ್ತೆ ಪಕ್ಕದಲ್ಲಿ ನಿಂತು ಕಲಿಸಿದ್ರು.

ಹರಡ್ಕೊಂಡ್ರೆ ಎರಡೇ ಕಾರಣ: ಒಂದು ಪಾಕ ಎಳೇದಾಗಿದೆ, ಇಲ್ಲ ಹಿಟ್ಟು ಒಣಗಿಹೋಗಿದೆ. ಅಂಗಡಿ ಅಕ್ಕಿ ಹಿಟ್ಟು ಹಾಕಿದ್ರೆ ಅಂತೂ ಆಗೋದೇ ಇಲ್ಲ.

1 ಕೆಜಿ ಹಳೇ ಅಕ್ಕಿಗೆ 700ರಿಂದ 750 ಗ್ರಾಂ ಬೆಲ್ಲ. ಮೊದಲ ಸಲ ಅಲ್ವಾ, ಅರ್ಧ ಕೆಜಿ ಮಾಡಿ ಸಾಕು, ಬೆಲ್ಲಾನೂ ಅರ್ಧ. ಅಕ್ಕಿ ತೊಳೆದು ರಾತ್ರಿ ಪೂರ್ತಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಪಂಚೆ ಮೇಲೆ ನೆರಳಲ್ಲಿ ಹರವಿ, ಬಿಸಿಲಲ್ಲಿ ಬೇಡ. ಒಂದು ಇಪ್ಪತ್ತು ಮೂವತ್ತು ನಿಮಿಷಕ್ಕೆ ಮುಟ್ಟಿ ನೋಡಿ, ಅಂಗೈಗೆ ನೀರು ಅಂಟಬಾರ್ದು, ಆದ್ರೆ ಅಕ್ಕಿ ತಣ್ಣಗೆ ಪಸೆ ಪಸೆ ಇರ್ಬೇಕು. ಆ ಹದದಲ್ಲೇ ಮಿಕ್ಸಿಗೋ ಮಿಲ್ಲಿಗೋ ಹಾಕಿ ಜರಡಿ ಹಿಡೀರಿ. ಹಿಟ್ಟು ಮುಷ್ಟೀಲಿ ಹಿಡಿದ್ರೆ ಉಂಡೆ ಆಗ್ಬೇಕು. ಬೀಸಿದ ಹಿಟ್ಟನ್ನ ಗಾಳಿಗೆ ಬಿಟ್ಟು ಫೋನಲ್ಲಿ ಮಾತಾಡ್ತಾ ಕೂತ್ರೆ ಮುಗೀತು, ಒದ್ದೆ ಬಟ್ಟೆ ಮುಚ್ಚಿಡಿ.

ಬೆಲ್ಲಕ್ಕೆ ಒಂದು ಲೋಟ ನೀರು ಹಾಕಿ ಕರಗಿಸಿ ಸೋಸಿ, ಕಲ್ಲು ಮಣ್ಣು ಇರುತ್ತೆ. ಮತ್ತೆ ಒಲೆ ಮೇಲಿಟ್ಟು ಕುದಿಸಿ. ತಟ್ಟೇಲಿ ತಣ್ಣೀರು ಇಟ್ಕೊಂಡು ಒಂದೊಂದು ಹನಿ ಬಿಟ್ಟು ನೋಡ್ತಾ ಇರಿ. ಹನಿ ನೀರಲ್ಲಿ ಕರಗಿ ಹೋದ್ರೆ ಇನ್ನೂ ಆಗಿಲ್ಲ. ಬೆರಳಲ್ಲಿ ಕೂಡಿಸಿದ್ರೆ ಮೆತ್ತಗೆ ಉಂಡೆ ಆಗಿ ನಿಂತ್ರೆ ಅದೇ ಹದ. ತಟ್ಟೆಗೆ ಟಣ್ ಅಂತ ಬಡಿದ್ರೆ ಜಾಸ್ತಿ ಆಯ್ತು, ಕಜ್ಜಾಯ ಕಲ್ಲಾಗುತ್ತೆ. ಇದು ಒಂದೆರಡು ನಿಮಿಷದ ಆಟ, ಆವಾಗ ಬಾಗಿಲಿಗೆ ಯಾರು ಬಂದ್ರೂ ಹೋಗ್ಬೇಡಿ. ಹದ ಬಂದ ಕೂಡ್ಲೆ ಕೆಳಗಿಳಿಸಿ ಎಳ್ಳು, ಗಸಗಸೆ, ಏಲಕ್ಕಿ ಹಾಕಿ ಹಿಟ್ಟು ಸ್ವಲ್ಪ ಸ್ವಲ್ಪ ಉದುರಿಸ್ತಾ ತಿರುವಿ. ನೋಡೋಕೆ ಸಡಿಲ ಅನ್ಸುತ್ತೆ, ಗಾಬರಿ ಆಗಿ ಇನ್ನೂ ಹಿಟ್ಟು ಸುರೀಬೇಡಿ, ಮಾರನೇ ದಿನಕ್ಕೆ ಗಟ್ಟಿ ಆಗುತ್ತೆ. ಮೇಲೊಂದು ಚಮಚ ತುಪ್ಪ ಸವರಿ ಮುಚ್ಚಿ ಒಂದು ದಿನ, ಆದ್ರೆ ಎರಡು ದಿನ ಬಿಡಿ.

ಬಾಳೆಲೆಗೆ ಎಣ್ಣೆ ಸವರಿ ತಟ್ಟಿ. ಎಣ್ಣೆ ಹೊಗೆ ಬರೋ ಹಾಗೆ ಕಾಯಬಾರ್ದು, ಮಧ್ಯಮ ಉರಿ. ಮೊದಲು ಒಂದು ಸಣ್ಣದು ಬಿಟ್ಟು ನೋಡಿ. ಅದೂ ಹರಡ್ಕೊಂಡ್ರೆ ಹೆದರ್ಬೇಡಿ, ಒಂದು ಹಿಡಿ ಅಕ್ಕಿ ಮತ್ತೆ ನೆನೆಸಿ ಪಸೆ ಹಿಟ್ಟು ಮಾಡಿ ಕಲೆಸಿ, ಅವಸರ ಇದ್ರೆ ಸ್ವಲ್ಪ ಚಿರೋಟಿ ರವೆ ಸೇರಿಸಿ ಅರ್ಧ ಗಂಟೆ ಬಿಡಿ. ಕರಿದಿದ್ದನ್ನ ಎರಡು ಜಾಲರಿ ಸಟುಗದ ಮಧ್ಯೆ ಒತ್ತಿ ಎಣ್ಣೆ ಇಳಿಸೋದು ಮರೀಬೇಡಿ.

ಮತ್ತೆ ನಿಮ್ಮತ್ತೆಯವರನ್ನ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸ್ಕೊಳ್ಳಿ. ಬೆಂಕಿ ಹತ್ರ ಬೇಡ, ಆದ್ರೆ ಪಾಕದ ಉಂಡೇನ ಅವರ ಬೆರಳಿಗೆ ಕೊಟ್ಟು ಕೇಳಿ. ಪಾಕದ ಹದ ನೋಡೋಕೆ ಕಣ್ಣು ಬೇಡ, ಬೆರಳು ಸಾಕು.

ಹೇಮಾವತಿ_ತೀರ (ಹಾಸನ)

ಅಯ್ಯೋ ಎಷ್ಟು ಚೆನ್ನಾಗಿ ಬರೆದಿದ್ದೀರ ಎಲ್ಲರೂ, ಅತ್ತೆಗೆ ಓದಿ ಹೇಳ್ದೆ. ಬೆರಳಿನ ಮಾತು ಕೇಳಿ ಅವರು ಎದ್ದು ಕೂತ್ರು. ಹೋದ ವರ್ಷ ನಾನು ಪ್ಯಾಕೆಟ್ ಅಕ್ಕಿ ಹಿಟ್ಟೇ ಹಾಕಿದ್ದು, ಈಗ ಗೊತ್ತಾಯ್ತು.

ಬುಟ್ಟಿ ತಂದೆ, 120 ರೂಪಾಯಿ ಆಯ್ತು. ಇನ್ನು ಬಾಗಿಲಿಗೆ ತೋರಣ, ಬಾಲ್ಕನಿಗೆ ಏನಾದ್ರೂ ಬೇಕು. ಚಂಡು ಹೂ ತೋರಣ ಮೂರು ನಾಕು ದಿನಕ್ಕೆ ಬಾಡಿ ಹೋಗುತ್ತೆ, ಹಬ್ಬದ ಹತ್ರ ರೇಟೂ ಜಾಸ್ತಿ. ತಿಂಗಳು ಪೂರ್ತಿ ಇರೋ ಹಾಗೆ ಏನಿದೆ?

ಬೇಲೂರು_ಮೇಷ್ಟ್ರು

ಮುಸುಕಿನ ಜೋಳದ ಸಿಪ್ಪೆ ಹೂ ಮಾಡಿಮ್ಮ. ನಮ್ಮ ಶಾಲೆ ಮಕ್ಕಳು ಪ್ರತಿ ವರ್ಷ ಮಾಡ್ತಿದ್ರು. ಈಗ ಊರೂರಲ್ಲೂ ಕಣದಲ್ಲಿ ಸಿಪ್ಪೆ ರಾಶಿ ಬಿದ್ದಿರುತ್ತೆ, ಕಾಸು ಕೊಡೋ ಹಾಗಿಲ್ಲ. ಹೊರಗಿನ ಒರಟು ಸಿಪ್ಪೆ ಬಿಟ್ಟು ತೆನೆಗೆ ಅಂಟಿಕೊಂಡಿರೋ ತೆಳು ಸಿಪ್ಪೆ ಮಾತ್ರ ಆರಿಸಿ. ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿದ್ರೆ ಬಟ್ಟೆ ಥರ ಮೆತ್ತಗಾಗುತ್ತೆ. ಅರಿಶಿನದ ನೀರಲ್ಲಿ ಕುದಿಸಿದ್ರೆ ಹಳದಿ, ಒಂಚೂರು ಸುಣ್ಣ ಬಿದ್ರೆ ಓಕುಳಿ ಕೆಂಪು. ಬಿಸಿಲಿಗೆ ಅರಿಶಿನದ ಬಣ್ಣ ಮಾಸುತ್ತೆ, ಹಾಗಾಗಿ ನೆರಳಿರೋ ಕಡೆ ಕಟ್ಟಿ. ಎಸಳು ಎಸಳಾಗಿ ಕತ್ತರಿಸಿ ಒಂದರ ಮೇಲೊಂದು ಸುತ್ತಿ ಬುಡಕ್ಕೆ ದಾರ ಬಿಗೀರಿ, ಒಣಗಿದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತೆ. ಇಪ್ಪತ್ತು ಹೂ, ಮಧ್ಯೆ ಮಧ್ಯೆ ಮಾವಿನೆಲೆ. ಎಲೆ ವಾರಕ್ಕೊಮ್ಮೆ ಬದಲಾಯಿಸಿ, ಹೂ ದೀಪಾವಳಿ ದಾಟಿ ತುಳಸಿ ಹಬ್ಬದವರೆಗೂ ಇರುತ್ತೆ.

ಮಂಜಿನೂರು (ಸಕಲೇಶಪುರ)

ಬಾಲ್ಕನಿಗೆ ಆಕಾಶಬುಟ್ಟಿ, ಬೇರೆ ಮಾತೇ ಇಲ್ಲ. ಮೊಳೆ ಬೇಡ, ಗ್ರಿಲ್ಲಿಗೆ ಕಟ್ಟಬಹುದು.

ಒಂದು ಅಡಿ ಉದ್ದದ ಹನ್ನೆರಡು ಬಿದಿರು ಕಡ್ಡಿ ಸೀಳ್ಕೊಳ್ಳಿ, ಹಳೇ ಬಿದಿರು ತಟ್ಟಿ ಇದ್ರೂ ಆಗುತ್ತೆ. ನಾಕು ಕಡ್ಡೀಲಿ ಒಂದು ಚೌಕ, ಇನ್ನು ನಾಕರಲ್ಲಿ ಇನ್ನೊಂದು ಚೌಕ, ಉಳಿದ ನಾಕು ಕಂಬ. ಮೂಲೆಗೆ ದಾರ ಅಡ್ಡಡ್ಡ ಸುತ್ತಿ ಬಿಗೀರಿ. ನಾಕು ಪಕ್ಕಕ್ಕೂ ಗಾಳಿಪಟದ ಕಾಗದ ಅಂಟಿಸಿ, ಮೇಲೆ ಕೆಳಗೆ ಖಾಲಿ ಬಿಡಿ. ಅಂಟಿಗೆ ಎರಡು ಚಮಚ ಮೈದಾ ಒಂದು ಲೋಟ ನೀರಲ್ಲಿ ಕದಡಿ ಸಣ್ಣ ಉರೀಲಿ ತಿರುವ್ತಾ ಇದ್ರೆ ಹೊಳಪು ಬರುತ್ತೆ, ಆವಾಗ ಇಳಿಸಿ. ಹಿಂದೆ ನಮ್ಮಪ್ಪ ಹುಳ ತಿನ್ನಬಾರ್ದು ಅಂತ ಅಂಟಿಗೆ ಮೈಲುತುತ್ತ ಹಾಕ್ತಿದ್ರು, ನೀವು ಹಾಕ್ಬೇಡಿ, ಅದು ವಿಷ, ಮಗು ಕೈ ಹಾಕುತ್ತೆ. ಒಳಗೆ ಮೇಣದ ಬತ್ತಿನೂ ಬೇಡ, ಒಂದು ಸಣ್ಣ ಎಲ್‌ಇಡಿ ಬಲ್ಬು ಇಳಿಬಿಡಿ. ಕೆಳಗೆ ಕಾಗದದ ಬಾಲ ಉದ್ದ ಬಿಟ್ಟಷ್ಟೂ ಚೆಂದ.

ಕಾಗದದ ಮೇಲೆ ಮಗಳು ಒತ್ತಿಟ್ಟ ಎಲೆ ಅಂಟಿಸಿ ನೋಡಿ. ರಾತ್ರಿ ಒಳಗಿಂದ ಬೆಳಕು ಬಿದ್ರೆ ಎಲೆ ನರ ನರಾನೂ ಕಾಣುತ್ತೆ. ನಮ್ಮನೇದು ಹೋದ ಸಲ ಹಾಲವಾಣದ ಎಲೆ ಹಾಕಿ ಮಾಡಿದ್ದು, ಮಂಜು ಬಿದ್ದ ರಾತ್ರೀಲಿ ರಸ್ತೆಯಿಂದಾನೇ ಕಾಣ್ತಿತ್ತು.

ಗಿರಿಸಾಲು_ಚಿಕ್ಕಮಗಳೂರು

ಗೊಂಬೆ ಕೂರಿಸ್ತೀರಾ? ಕೂರಿಸಿದ್ರೆ ಮೂರು ಮೆಟ್ಟಿಲು ಸಾಕು, ಕೆಳಗೆ ಒಂದು ಟ್ರೇನಲ್ಲಿ ಮಣ್ಣು ಹಾಕಿ ರಾಗಿ, ಸಾಸಿವೆ ಚೆಲ್ಲಿ. ಹಬ್ಬಕ್ಕೆ ಐದಾರು ದಿನ ಮುಂಚೆ ಚೆಲ್ಲಿದ್ರೆ ಗೊಂಬೆ ಇಡೋ ಹೊತ್ತಿಗೆ ಹಸಿರು ಹುಲ್ಲುಗಾವಲು ರೆಡಿ. ನನ್ನ ತಂಗಿ ಮಕ್ಕಳು ಅದರಲ್ಲಿ ಕಾಫಿ ತೋಟ ಮಾಡ್ತಾರೆ, ಸಣ್ಣ ಕಡ್ಡಿ ಚುಚ್ಚಿ ಸಿಲ್ವರ್ ಓಕ್ ಮರ, ಅದಕ್ಕೆ ಹಸಿರು ದಾರ ಸುತ್ತಿ ಮೆಣಸಿನ ಬಳ್ಳಿ. ಅರೇಬಿಕಾ ಕುಯ್ಲು ನವೆಂಬರಲ್ಲಿ ಶುರು ಅಲ್ವಾ, ಹಾಗಾಗಿ ಈಗ ಗಿಡದಲ್ಲಿ ಅರ್ಧ ಕಾಯಿ ಹಸಿರು, ಅಲ್ಲೊಂದು ಇಲ್ಲೊಂದು ಹಣ್ಣು ಅಂತ ಮಣಿ ಕೂಡ ಹಾಗೇ ಎರಡು ಬಣ್ಣ ಆರಿಸಿ ಅಂಟಿಸಿದ್ರು. ಸಂಜೆ ಗೊಂಬೆ ನೋಡೋಕೆ ಬರೋ ಮಕ್ಕಳಿಗೆ ಕೊಡೋಕೆ ಕಡಲೆಕಾಳು ಉಸಲಿ ಮಾಡಿ, ಹಲಸಿನ ಎಲೆ ದೊನ್ನೇಲಿ ಕೊಡಿ.

ಹೇಮಾವತಿ_ತೀರ (ಹಾಸನ)

ಹಲಸಿನ ಎಲೆ ದೊನ್ನೆ ಮಾಡೋದು ಹೇಗೆ?

ಮಲೆನಾಡ_ಸೊಸೆ (ಕೊಪ್ಪ)

ನಾಕು ಎಲೆ ತೊಟ್ಟು ಮಧ್ಯಕ್ಕೆ ಬರೋ ಹಾಗೆ ಪ್ಲಸ್ ಆಕಾರದಲ್ಲಿ ಇಟ್ಟು ಮಧ್ಯೆ ತೆಂಗಿನ ಕಡ್ಡಿ ಚುಚ್ಚಿ ಸೇರಿಸಿ, ಆಮೇಲೆ ಪಕ್ಕ ಪಕ್ಕದ ಎರಡೆರಡು ಎಲೆ ಎತ್ತಿ ಹಿಡಿದು ಕಡ್ಡಿ ಚುಚ್ತಾ ಬಂದ್ರೆ ಬಟ್ಟಲಾಗ್ತದೆ. ಇದೇ ಕೊಟ್ಟೆ. ಇದರಲ್ಲಿ ಇಡ್ಲಿ ಹಿಟ್ಟು ಹುಯ್ದು ಹಬೇಲಿ ಬೇಯಿಸಿದ್ರೆ ಕೊಟ್ಟೆ ಕಡುಬು. ಹಸಿರು ಎಲೆ ಬೇಕು, ಉದುರಿದ ಹಳದಿ ಎಲೆ ಮುರೀತದೆ. ಈ ತಿಂಗಳು ಅರಿಶಿನದ ಎಲೆನೂ ಚೆನ್ನಾಗಿರ್ತದೆ, ಅದರ ಮೇಲೆ ಅಕ್ಕಿ ಹಿಟ್ಟು ತೆಳ್ಳಗೆ ಸವರಿ ಕಾಯಿ ಬೆಲ್ಲ ಇಟ್ಟು ಮಡಚಿ ಬೇಯಿಸಿ, ಮನೆಗೆಲ್ಲ ಘಮ ಹರಡ್ತದೆ. ನೆಂಟರು ಬಂದಾಗ ಇದನ್ನೇ ಮಾಡಿ, ಕಜ್ಜಾಯಕ್ಕಿಂತ ಸುಲಭ.

ಬಣ್ಣದ_ಬುಗುರಿ (ಚಿಕ್ಕಮಗಳೂರು)

ಪೂಜೆ ಆದ ಚಂಡು ಹೂ ಎಸೀಬೇಡಿ, ಯಗಚಿಗೋ ಹೇಮಾವತಿಗೋ ಬಿಡೋದಂತೂ ಬೇಡವೇ ಬೇಡ. ಎಸಳು ಬಿಡಿಸಿ ನೆರಳಲ್ಲಿ ಒಣಗಿಸಿಟ್ರೆ ಬಟ್ಟೆಗೆ ಬಣ್ಣ ಹಾಕಬಹುದು. ನಾನು ಹಳೇ ಹತ್ತಿ ದುಪ್ಪಟಾಗೆ ಹಾಕಿದೀನಿ. ಹತ್ತಿ ಬಟ್ಟೆ ಮೊದಲು ಅಳಲೆಕಾಯಿ ಪುಡಿ ನೀರಲ್ಲಿ ಒಂದು ರಾತ್ರಿ ನೆನೆಸಿ ಹಿಂಡಿ ಒಣಗಿಸಿ, ಆಮೇಲೆ ಪಟಿಕದ ನೀರಲ್ಲಿ ಅದ್ದಿ, 100 ಗ್ರಾಂ ಬಟ್ಟೆಗೆ 15 ಗ್ರಾಂ ಪಟಿಕ ಸಾಕು. ಕೊನೇಲಿ ಬಟ್ಟೆ ತೂಕದಷ್ಟೇ ಒಣ ಎಸಳು ಕುದಿಸಿ ಸೋಸಿದ ನೀರಲ್ಲಿ ಮುಕ್ಕಾಲು ಗಂಟೆ ಸಣ್ಣ ಉರಿ. ಒಳ್ಳೆ ಜೇನಿನ ಬಣ್ಣ ಬರುತ್ತೆ. ಅಳಲೆ ಪಟಿಕ ಎರಡೂ ಇಲ್ದೆ ಬರೀ ಹೂವಲ್ಲಿ ಕುದಿಸಿದ್ರೆ ಎರಡು ಒಗೆತಕ್ಕೆ ಹೋಗುತ್ತೆ. ಈ ಪಾತ್ರೇನ ಮತ್ತೆ ಅಡುಗೆಗೆ ಬಳಸ್ಬೇಡಿ.

ಆಯುಧಪೂಜೆ ಕುಂಬಳಕಾಯಿ ಬಗ್ಗೆನೂ ಹೇಳ್ಬಿಡ್ತೀನಿ, ದಯವಿಟ್ಟು ಒಡೆದ ಮೇಲೆ ರಸ್ತೆ ಪಕ್ಕಕ್ಕೆ ಎತ್ತಿ ಹಾಕಿ. ನಮ್ಮ ಬೀದೀಲಿ ಹೋದ ವರ್ಷ ಒಬ್ಬ ಹುಡುಗ ಬೈಕ್ ಜಾರಿ ಬಿದ್ದು ಕಾಲು ಮುರ್ಕೊಂಡ.

ಅರಸೀಕೆರೆ_ತೆಂಗು

ಬಲಿಪಾಡ್ಯಮಿಗೆ ನಮ್ಮ ಕಡೆ ಹೊಸ್ತಿಲ ಮೇಲೆ ಸಗಣಿ ಬೆನಕ ಇಟ್ಟು ಹುಚ್ಚೆಳ್ಳು ಹೂ, ಅಣ್ಣೆ ಹೂ ಸಿಗಿಸ್ತೀವಿ, ತಿಪ್ಪೆಗೂ ಒಂದು ದೀಪ ಇಡ್ತೀವಿ. ಮೇಷ್ಟ್ರು ಹೇಳಿದ ಚಾರ್ಟಲ್ಲಿ ಇದಕ್ಕೂ ಜಾಗ ಇರ್ಲಿ. ಬುಟ್ಟಿಗೆ ಅಂತ ಸಗಣಿ ತರ್ತೀರಲ್ಲ, ಸ್ವಲ್ಪ ಜಾಸ್ತಿ ತನ್ನಿ.

ಹೇಮಾವತಿ_ತೀರ (ಹಾಸನ)

ಮೂರು ವಾರ ಆದ್ಮೇಲೆ ಬರೀತಿದೀನಿ, ತಡ ಆಯ್ತು, ಮನೆ ತುಂಬ ನೆಂಟರು.

ಬುಟ್ಟಿ ಆಯ್ತು. ಕೆಮ್ಮಣ್ಣು ಮೊದಲ ಸಲ ಬಳಿದಿದ್ದು ಸರಿಯಾಗಿ ಒಣಗೋ ಮುಂಚೆ ಎರಡನೇದು ಹಾಕಿಬಿಟ್ವಿ, ಒಂದು ಕಡೆ ಬಿರುಕು ಬಂತು, ಅಲ್ಲಿ ಮಗಳು ಏಣಿ ಗೆರೆ ಎಳೆದು ಮುಚ್ಚಿದ್ಲು. ಜೋಡೆತ್ತು ಅಂತ ಬರೆದಿದ್ದು ಸ್ವಲ್ಪ ಮೇಕೆ ಥರ ಇದೆ, ಆದ್ರೆ ಭತ್ತದ ತೆನೆ ಬಹಳ ಚೆನ್ನಾಗಿ ಬಂದಿದೆ. ಯಾಕಂದ್ರೆ ಅದಕ್ಕೂ ಮುಂಚೆ ಭಾನುವಾರ ಮೇಷ್ಟ್ರು ಹೇಳಿದ ಹಾಗೆ ಬೇಲೂರು ರಸ್ತೇಲಿ ಹೋಗಿದ್ವಿ, ಒಬ್ಬರು ಅಜ್ಜ ಅವರ ಗದ್ದೆ ಬದುವಿನ ಮೇಲೆ ನಿಲ್ಲಿಸಿ ಹೊಡೆ ಸೀಳಿ ಒಳಗಿನ ಎಳೇ ತೆನೆ ತೋರಿಸಿದ್ರು. ಹಾಲು ಇನ್ನೂ ತುಂಬಿರಲಿಲ್ಲ. ಅದನ್ನ ಇವ್ಳು ಮುಟ್ಟಿ ಮುಟ್ಟಿ ನೋಡಿದ್ಲು. ಚೀಟೀಲಿ ಮಲೆನಾಡ ಸೊಸೆ ಅಕ್ಕ ಹೇಳಿದ ಹಾಗೇ ದೀವರ ಹೆಣ್ಣುಮಕ್ಕಳ ಕಲೆ ಅಂತ ಬರೆದು ಅಂಟಿಸಿದಾಳೆ. ಸ್ಕೂಲಲ್ಲಿ ಅದನ್ನ ಮುಂದಿನ ಮೇಜಿನ ಮೇಲೇ ಇಟ್ಟಿದಾರಂತೆ, ವಾಪಸ್ ತರ್ಬೇಕು ದೀಪಾವಳಿಗೆ.

ಜೋಳದ ಹೂ ಇಪ್ಪತ್ತು ಆಗ್ಲಿಲ್ಲ, ಹದಿಮೂರು ಆಯ್ತು, ತೋರಣ ಬಾಗಿಲಲ್ಲಿದೆ. ಆಕಾಶಬುಟ್ಟಿ ಬಾಲ್ಕನೀಲಿ ಉರೀತಿದೆ, ಬಾದಾಮಿ ಎಲೆ ಹಾಕಿದ್ವಿ. ನಾದಿನಿ ಅವಳ ಮನೆಗೂ ಒಂದು ಮಾಡ್ಕೊಡು ಅಂತ ಹಠ ಹಿಡಿದಿದಾಳೆ. ಇಲ್ಲಿವರೆಗೂ ಖರ್ಚು 340 ರೂಪಾಯಿ.

ಕಜ್ಜಾಯದ ಹಿಟ್ಟು ನಿನ್ನೆ ಕಲೆಸಿಟ್ವಿ. ಪಾಕದ ಉಂಡೆ ಅತ್ತೆ ಬೆರಳಿಗೆ ಕೊಟ್ಟೆ. ಮೊದಲ ಸಲ ಇಲ್ಲ ಅಂದ್ರು, ಎರಡನೇ ಸಲ ಇಲ್ಲ ಅಂದ್ರು, ಮೂರನೇ ಸಲ ಏನೂ ಹೇಳ್ದೆ ಇಳಿಸು ಇಳಿಸು ಅಂತ ಕೈ ಮಾಡಿದ್ರು. ಇವತ್ತು ಸಂಜೆ ಮುಚ್ಚಳ ತೆಗೆದು ನೋಡಿದ್ರೆ ಸರಿಯಾಗಿ ಗಟ್ಟಿ ಆಗಿದೆ. ಸುಮ್ನೆ ನೋಡೋಣ ಅಂತ ಒಂದು ಸಣ್ಣದು ತಟ್ಟಿ ಎಣ್ಣೆಗೆ ಬಿಟ್ಟೆ, ಒಡೀಲಿಲ್ಲ, ಉಬ್ಬಿ ಮೇಲೆ ಬಂತು. ಅದನ್ನ ಮೂರು ಪಾಲು ಮಾಡಿ ಅತ್ತೆ, ಮಗಳು, ನಾನು ತಿಂದ್ವಿ. ಉಳಿದಿದ್ದು ನಾಳಿದ್ದು ಕರೀತೀವಿ.